ಚೀಲ ಬಿಸಿ ಮಾಡುವ ಪೆಟ್ಟಿಗೆ: ಕೊನೆಗೂ ಕಳ್ಳಿ ಸಿಕ್ಕಿಬಿದ್ದಳು

ಡಯಾಲಿಸಿಸ್ ದ್ರವದ ಚೀಲ ಬೆಚ್ಚಗಾಗಿಸಲು ನಾನೇ ಕಟ್ಟಿದ ಪೆಟ್ಟಿಗೆ ಈಗ ಹೇಳಿದ ಮಾತು ಕೇಳುತ್ತಿದೆ. 37 ಡಿಗ್ರಿ ಅಂದರೆ 37. ಮೂರೂ ಹೊತ್ತಿನ ಚೀಲ ಹದವಾಗಿ ಬೆಚ್ಚಗಿರುತ್ತದೆ. ದ್ರವ ಹೊಟ್ಟೆಯೊಳಗೆ ಬಿಡುವಾಗ ನಡುಕವಿಲ್ಲ, ಹೊಟ್ಟೆ ಹಿಡಿದುಕೊಳ್ಳುವುದಿಲ್ಲ. ಇಷ್ಟು ಕಾಡಿದ ತೊಂದರೆಯ ಮೂಲ ಯಾವ ಸರ್ಕ್ಯೂಟ್ ಚಿತ್ರದಲ್ಲೂ ಇರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮನೆಯಲ್ಲೇ ಪಿಡಿ (ಪೆರಿಟೋನಿಯಲ್ ಡಯಾಲಿಸಿಸ್, ಅಂದರೆ ಕಿಡ್ನಿಯ ಕೆಲಸವನ್ನು ಹೊಟ್ಟೆಯೊಳಗೆ ದ್ರವ ತುಂಬಿ ಮಾಡಿಸುವುದು) ಮಾಡಿಕೊಳ್ಳುವವರಿಗೆ ಎಕ್ಸ್‌ಚೇಂಜ್ ಪಾಠ, ಅಂದರೆ ಹಳೆಯ ದ್ರವ ಹೊರಬಿಟ್ಟು ಹೊಸದು ತುಂಬುವ ಪಾಠ, ಬೇಕಿಲ್ಲ. ಕೈ ತೊಳೆಯುವುದು, ಮಾಸ್ಕ್, ಫ್ಯಾನ್ ಆಫ್, ಬಾಗಿಲು ಬಂದ್, ಸರಿಯಾಗಿ ಅದೇ ಹೊತ್ತಿಗೆ ನೆಂಟರು ಬಂದು ಕದ ತಟ್ಟುವುದು. ಎಲ್ಲ ನಿಮಗೆ ಗೊತ್ತಿದ್ದದ್ದೇ. ಪೆಟ್ಟಿಗೆ ಕಟ್ಟಿದ್ದೂ ಮಾಮೂಲಿ ಕೆಲಸ. ಪ್ಲೈವುಡ್, ಒಳಗೆ ಥರ್ಮಾಕೋಲ್, ಅಲ್ಯೂಮಿನಿಯಂ ತಟ್ಟೆ, ಅದರಡಿಗೆ ಸಿಲಿಕೋನ್ ಹೀಟಿಂಗ್ ಪ್ಯಾಡ್, ಬಿಸಿ ಅಳೆದು ಪ್ಯಾಡನ್ನು ಆನ್-ಆಫ್ ಮಾಡುವ ಡಬ್ಲ್ಯೂ1209 ಥರ್ಮೋಸ್ಟಾಟ್ ಬೋರ್ಡ್. ಅದು ಕೈಕೊಟ್ಟರೂ 45 ಡಿಗ್ರಿಗೆ ತಾನಾಗಿ ಕಟ್ ಮಾಡುವ ಕೆಎಸ್‌ಡಿ301 ಸ್ವಿಚ್. ಎಲ್ಲವೂ 12 ವೋಲ್ಟ್. ಫ್ಯೂಸ್ ಹಾಕಿ ನೇರವಾಗಿ ಇನ್ವರ್ಟರ್ ಬ್ಯಾಟರಿಗೆ ಕೊಟ್ಟಿದ್ದೇನೆ. ನಮ್ಮ ಮಲೆನಾಡಿನ ಸಾಗರದ ಕಡೆ ಮಳೆಗಾಲದಲ್ಲಿ ಕರೆಂಟ್ ನೆಚ್ಚಿಕೊಳ್ಳುವ ಹಾಗಿಲ್ಲ. ಪಿಡಿ ನರ್ಸ್ ನೋಡಿ ಒಪ್ಪಿದ ಮೇಲೆಯೇ ಮೊದಲ ಚೀಲ ಇಟ್ಟೆ. ಹೊರ ಕವರ್ ಬಿಚ್ಚಬಾರದು, ಒಣ ಶಾಖ ಮಾತ್ರ ಕೊಡಬೇಕು ಅಂತ ಅವರ ಷರತ್ತು. ಅದು ಸರಿಯೇ. ಬಿಸಿನೀರಲ್ಲಿ ಮುಳುಗಿಸಿದರೆ ಚೀಲದ ಬಾಯಿಯ ಹತ್ತಿರ ತೇವ ನಿಂತು ಸೋಂಕಿಗೆ ದಾರಿಯಾಗುತ್ತದೆ. ಮೈಕ್ರೋವೇವ್ ಒಂದು ಕಡೆ ಸುಡುಸುಡು, ಇನ್ನೊಂದು ಕಡೆ ತಣ್ಣಗೆ ಮಾಡುತ್ತದೆ.

ಪ್ಯಾಡ್ ಮಾರಿದವನ ಕತೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆರ್ಡರ್ ಮಾಡಿದ್ದು 50 ವ್ಯಾಟ್‌ದು. ಲೆಕ್ಕ ಸುಲಭ. 2 ಲೀಟರ್ ದ್ರವವನ್ನು 20 ಡಿಗ್ರಿಯಿಂದ 37ಕ್ಕೆ ಏರಿಸಲು ಸುಮಾರು 142 ಕಿಲೋಜೂಲ್ ಬೇಕು. 50 ವ್ಯಾಟ್‌ಗೆ ಅದು ಮುಕ್ಕಾಲು ಗಂಟೆಯ ಕೆಲಸ, ಸೋರಿಹೋಗುವ ಶಾಖ ಸೇರಿಸಿದರೆ ಇನ್ನಷ್ಟು. ಆದರೆ ಇಡೀ ಬೆಳಿಗ್ಗೆ ಕಳೆದರೂ ಚೀಲ ಬೆಚ್ಚಗಾಗಲಿಲ್ಲ. ಮಲ್ಟಿಮೀಟರ್ ಇಟ್ಟೆ. ಪ್ಯಾಡ್‌ನ ರೆಸಿಸ್ಟೆನ್ಸ್ 3 ಓಮ್‌ಗೆ ತುಸು ಕಡಿಮೆ ಇರಬೇಕಾದಲ್ಲಿ 7 ಓಮ್! ಅಂದರೆ ಹೆಚ್ಚುಕಡಿಮೆ 20 ವ್ಯಾಟ್. ಫೋನ್ ಮಾಡಿದರೆ, 'ಮೇಡಂ, ಬಿಸಿ ಆಗ್ತದಲ್ವಾ?' ಅಂದ. ಬಿಸಿ ಆಗುತ್ತದಪ್ಪಾ, ಆದರೆ ನನ್ನ ಎಕ್ಸ್‌ಚೇಂಜ್ ಬೆಳಿಗ್ಗೆ ಇರುವುದು, ನಾಳೆ ಅಲ್ಲ! ಬೇರೆ ಅಂಗಡಿಯಿಂದ ತರಿಸಿದ ಪ್ಯಾಡ್ ಒಳ್ಳೆಯದು ಬಂತು.

ಈಗ ಅಸಲು ಸಮಸ್ಯೆ. ಸೆನ್ಸರ್ ಎಲ್ಲಿಡುವುದು? ಚೀಲಕ್ಕೆ ಚುಚ್ಚುವ ಹಾಗಿಲ್ಲ. ಗಾಳಿಯಲ್ಲಿ ನೇತುಹಾಕಿದರೆ ಅದು ಪೆಟ್ಟಿಗೆಯ ಬಿಸಿ ಹೇಳುತ್ತದೆ, ಚೀಲದ್ದಲ್ಲ. ತಟ್ಟೆಗೆ ತಾಗಿಸಿದರೆ ನಡುವೆ ಇನ್ನೂ ತಣ್ಣಗಿರುವಾಗಲೇ 37 ಆಯ್ತು ಅಂತ ಬೋರ್ಡಿನ ಸ್ವಿಚ್, ಅಂದರೆ ರಿಲೇ, ಟಿಕ್ ಅಂದು ಪ್ಯಾಡ್ ಆಫ್ ಮಾಡುತ್ತದೆ. ಟ್ರೈನಿಂಗ್‌ನಲ್ಲಿ ನರ್ಸ್ ಕಲಿಸಿದ್ದೇ ಕೈ ಹಿಡಿಯಿತು. ಚೀಲವನ್ನು ನಡುವೆ ಮಡಚಿ, ಮಡಿಕೆಯೊಳಗೆ ಸೆನ್ಸರ್ ಇಡುವುದು. ಎರಡೂ ಕಡೆ ದ್ರವ ಒತ್ತಿಕೊಂಡು ಕೂರುವುದರಿಂದ ಒಳಗಿನ ಬಿಸಿಯೇ ಸಿಗುತ್ತದೆ. ಹೀಗೆ ಮಡಚಲು ಆಗುವುದೂ ಒಂದು ಪುಣ್ಯ. 1976ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಂಜಿನಿಯರ್ ಪೊಪೊವಿಚ್ ಮತ್ತು ಡಾಕ್ಟರ್ ಮಾನ್‌ಕ್ರೀಫ್ ನಾವು ಮಾಡಿಕೊಳ್ಳುವ ಈ ಪಿಡಿ ಪದ್ಧತಿಯನ್ನು ಮುಂದಿಟ್ಟಾಗ ದ್ರವ ಬರುತ್ತಿದ್ದದ್ದು ಗಾಜಿನ ಬಾಟಲಿಯಲ್ಲಿ. ಪ್ಲಾಸ್ಟಿಕ್ ಚೀಲವನ್ನು ಬಳಕೆಗೆ ತಂದದ್ದು ಟೊರಾಂಟೊದ ಒರಿಯೊಪೌಲೋಸ್ ಅವರ ತಂಡ. ಬಾಟಲಿ ಮಡಚಿ ನೋಡಿ ಸಾಧ್ಯವಾದರೆ!

ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಹುಚ್ಚಾಟ ಶುರು. ಡಿಸ್‌ಪ್ಲೇ 33 ತೋರಿಸುತ್ತಿರುತ್ತದೆ, ಪ್ಯಾಡ್ ಉರಿಯುತ್ತಲೇ ಇರುತ್ತದೆ, ಚೀಲ ತೆಗೆದು ಬೇರೆ ಥರ್ಮಾಮೀಟರ್ ಮಡಿಕೆಗಿಟ್ಟರೆ 42. ದಿನಾ ಅಲ್ಲ, ಯಾವಾಗಲೋ ಒಮ್ಮೆ. ಕನೆಕ್ಟ್ ಮಾಡುವ ಮೊದಲು ಪ್ರತಿ ಚೀಲವನ್ನೂ ಅಳೆಯುತ್ತೇನೆ, ಹಾಗಾಗಿ ಅಪಾಯವೇನೂ ಆಗಲಿಲ್ಲ. ಆದರೆ ಆರುವ ತನಕ ಕಾಯಬೇಕು, ಊಟ ತಿಂಡಿ ಎಲ್ಲ ಹಿಂದೆ ಬೀಳುತ್ತದೆ.

ಮೊದಲು ರಿಲೇ ಮೇಲೆ ಅನುಮಾನ. ಹೊಸ ಬೋರ್ಡ್ ಹಾಕಿದೆ, ಅದೇ ಕತೆ. ಆಮೇಲೆ ಸೆನ್ಸರ್. ಐಸ್ ನೀರಲ್ಲಿ ಇಟ್ಟರೆ ಸೊನ್ನೆ, ಕಂಕುಳಲ್ಲಿ ಇಟ್ಟರೆ 36 ಚಿಲ್ಲರೆ. ಪಾಪ, ಅದು ನಿಯತ್ತಾಗಿತ್ತು. ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ, ಪ್ಯಾಡ್ ಜಾಸ್ತಿ ಕಾಯುತ್ತದೆ ಅಂತ ನಮ್ಮನೆಯವರ ವಾದ. ಕಾಯಲಿ, ಥರ್ಮೋಸ್ಟಾಟ್ ಬೇಗ ಕಟ್ ಮಾಡಬೇಕಿತ್ತಲ್ವಾ? ಇನ್ನೊಂದು ಪೇಚು ಏನೆಂದರೆ ಬೋರ್ಡ್ ಇದ್ದದ್ದು ಮುಚ್ಚಳದ ಮೇಲೆ. ಮುಚ್ಚಳ ಎತ್ತಿದೊಡನೆ ವೈರ್ ಎಳೆದು ಸೆನ್ಸರ್ ಮಡಿಕೆಯಿಂದ ಹೊರಗೆ ಬರುತ್ತಿತ್ತು. ಅಂದರೆ ನೋಡಲು ಹೋದಾಗಲೆಲ್ಲ ಸಾಕ್ಷಿ ನಾಶ.

ಕೊನೆಗೆ ಫೋನನ್ನು ಕಪಾಟಿನ ಮೇಲಿಟ್ಟು ವಿಡಿಯೊ ಮಾಡಿದೆ. ನಮ್ಮ ಬೆಕ್ಕು ಪುಟ್ಟಿ ಗಂಭೀರವಾಗಿ ಬರುತ್ತಾಳೆ. ಮುಚ್ಚಳ ಹತ್ತಿ ಎರಡು ಸುತ್ತು ತಿರುಗಿ ಸುರುಳಿ ಸುತ್ತಿ ಮಲಗುತ್ತಾಳೆ. ಹೊರಗೆ ಧೋ ಮಳೆ, ಅಡಿಯಲ್ಲಿ ಬೆಚ್ಚನೆ ಹಲಗೆ, ಇನ್ನೇನು ಬೇಕು. ಎದ್ದು ಮೈ ಮುರಿದು, ಪಕ್ಕದಲ್ಲಿ ಕುಣಿಕೆಯಾಗಿ ಉಳಿದಿದ್ದ ಸೆನ್ಸರ್ ವೈರನ್ನು ಹಲ್ಲಲ್ಲಿ ಹಿಡಿದು ಜಗ್ಗಿ ಜಗ್ಗಿ ಎಳೆಯುತ್ತಾಳೆ. ಒಳಗೆ ಸೆನ್ಸರ್ ಮಡಿಕೆ ಬಿಟ್ಟು ಮುಚ್ಚಳದ ಹತ್ತಿರ ಜೋತಾಡುತ್ತದೆ. ಅಲ್ಲಿ ಗಾಳಿ ತಣ್ಣಗೆ, ಪ್ಯಾಡ್ ಪಾಪ ಉರಿಯುತ್ತಲೇ ಇರುತ್ತದೆ. ನಾನೂ ನಮ್ಮನೆಯವರೂ ನಕ್ಕು ನಕ್ಕು ಸುಸ್ತಾದೆವು. ಹೊಟ್ಟೆಯಲ್ಲಿ ಎರಡು ಲೀಟರ್ ಇಟ್ಟುಕೊಂಡು ಹಾಗೆ ನಗುವುದು ಸುಲಭವಲ್ಲ, ಪಿಡಿಯವರಿಗೆ ಗೊತ್ತು.

ಬೆಕ್ಕಿನ ವಿಷಯದಲ್ಲಿ ಒಂದು ಮಾತು ನಗೆಯಿಲ್ಲದೆ ಹೇಳಬೇಕು. ಬೆಕ್ಕು ಪಿಡಿ ಟ್ಯೂಬ್ ಕಚ್ಚಿ ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾದಿಂದ ಪೆರಿಟೊನೈಟಿಸ್ (ಹೊಟ್ಟೆಯೊಳಗಿನ ಪೊರೆಯ ಸೋಂಕು) ಆದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟೋ ಸಲ ದಾಖಲಾಗಿದೆ. ಅದಕ್ಕೇ ಎಕ್ಸ್‌ಚೇಂಜ್ ಕೋಣೆಗೆ ಪುಟ್ಟಿಗೆ ಪ್ರವೇಶವಿಲ್ಲ. ಪೆಟ್ಟಿಗೆ ಮಾತ್ರ ನಡುಮನೆಯಲ್ಲಿತ್ತು. ಈಗ ಅದೂ ಕೋಣೆಯೊಳಗೆ ಹೋಯಿತು. ಬೋರ್ಡ್ ಪಕ್ಕದ ಹಲಗೆಗೆ ಇಳಿಯಿತು. ವೈರ್ ತಳದ ರಬ್ಬರ್ ಬುಷ್‌ನಿಂದ ಒಳಗೆ ಹೋಗುತ್ತದೆ, ಮಡಿಕೆಯನ್ನು ಅಗಲದ ಪ್ಲಾಸ್ಟಿಕ್ ಕ್ಲಿಪ್ ಮೆತ್ತಗೆ ಹಿಡಿದಿದೆ. ಯಾರಾದರೂ ಬಾಗಿಲು ಮರೆತರೂ ಇರಲಿ ಅಂತ ಮುಚ್ಚಳವನ್ನು ನಮ್ಮ ಹೆಂಚಿನ ಮನೆಯ ಮಾಡಿನಂತೆ ಇಳಿಜಾರು ಮಾಡಿದೆ. ಮಲಗಿದರೆ ಜಾರಬೇಕು.

ಈ ಪೆಟ್ಟಿಗೆಗೆ ಬೇಡಿಕೆಯೂ ಬಂದಿದೆ. ಕೋಳಿಮೊಟ್ಟೆ ಮರಿಯಾಗಲು ಬೇಕಾದದ್ದೂ 37.5 ಡಿಗ್ರಿ ಅಂತ ಪಕ್ಕದ ಮನೆಯಾಕೆಗೆ ಯಾರೋ ಹೇಳಿದ್ದಾರೆ. ತಿಂಗಳಿಗೆ 90 ಚೀಲದ ಕಾರ್ಟನ್‌ಗಳು ಇಳಿಯುವುದನ್ನು ನೋಡಿ 'ಯಾವ ಏಜೆನ್ಸಿ ತಗೊಂಡ್ರಿ?' ಅಂದವರೂ ಅವರೇ. ಮೊಟ್ಟೆ ತಂದು 'ಒಂದು ಮೂಲೆಯಲ್ಲಿ ಇಡ್ರೀ' ಅಂದರು. ನನ್ನ ಚೀಲದ ಜೊತೆ ಸಾಧ್ಯವೇ ಇಲ್ಲ. ಆದರೆ ಆ 20 ವ್ಯಾಟ್ ಪ್ಯಾಡ್ ಸುಮ್ನೆ ಬಿದ್ದಿದೆಯಲ್ಲ, ಅವರಿಗೊಂದು ಇನ್‌ಕ್ಯುಬೇಟರ್ ಮಾಡಿಕೊಡುತ್ತೇನೆ.

ಅದಕ್ಕಿಂತ ಮೊದಲು ಡ್ರೈನ್, ಅಂದರೆ ಹೊಟ್ಟೆಯಿಂದ ಹೊರಬಂದ ದ್ರವ, ತೂಗುವ ಯಂತ್ರ. ಸ್ಪ್ರಿಂಗ್ ತಕ್ಕಡಿ ಓದಿ ಓದಿ ಕಣ್ಣು ಸೋತಿದೆ. ತೂಕ ಅಳೆಯುವ 5 ಕೆಜಿ ಲೋಡ್ ಸೆಲ್, ಅದನ್ನು ಓದುವ ಎಚ್‌ಎಕ್ಸ್711 ಚಿಪ್, ಲೆಕ್ಕ ಇಡಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಡ್ರೈನ್ ಚೀಲದ ತೂಕ ತಾನಾಗಿ ಬರೆದುಕೊಳ್ಳಬೇಕು, ಹರಿವು ನಿಧಾನವಾದರೆ ಕೂಗಬೇಕು. ಟ್ಯೂಬ್ ಮಡಚಿದೆಯಾ ನೋಡು, ಟ್ಯೂಬ್ ಕಟ್ಟುವ ಫೈಬ್ರಿನ್ ಎಂಬ ಬಿಳಿ ಎಳೆ ಇದೆಯಾ ನೋಡು, ಬೆಳಿಗ್ಗೆ ಹೊಟ್ಟೆ ಸರಿಯಾಗಿ ಹೋಯ್ತಾ ಅಂತಲೂ ಕೇಳಬೇಕು. ಮಲಬದ್ಧತೆಯಿಂದ ಡ್ರೈನ್ ಕಟ್ಟುವುದು ಮಾಮೂಲು ತಾನೇ. ಆ ಕೊನೆಯ ಪ್ರಶ್ನೆಯನ್ನು ಯಂತ್ರ ನೆಂಟರೆದುರು ಜೋರಾಗಿ ಕೇಳದಂತೆ ಕೋಡ್ ಬರೆಯಬೇಕು. ಲೋಡ್ ಸೆಲ್ ನಮ್ಮ ಮಳೆಗಾಲದ ತೇವಕ್ಕೆ ಓಲಾಡದಂತೆ ಯಾರಾದರೂ ಸೀಲ್ ಮಾಡಿದ್ದರೆ ಏನು ಬಳಸಿದಿರಿ ಹೇಳಿ. ಸಿಲಿಕೋನ್ ತಂದಿಟ್ಟಿದ್ದೇನೆ, ಇನ್ನೂ ಹಚ್ಚಿಲ್ಲ.