ಚಪ್ಪಾಳೆ ಯಾರಿಗೆ ಸಂದಿತು?

ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಜಂಗೀ ನಿಕಾಲಿ ಕುಸ್ತಿ ನೋಡುತ್ತ ಬೆಳೆದವನು ನಾನು. ಕಣದ ಸುತ್ತ ಕಟ್ಟಿದ ಫ್ಲೆಕ್ಸ್‌ಗಳಲ್ಲಿ ಪೈಲ್ವಾನರಿಗಿಂತ ದೊಡ್ಡದಾಗಿ ಕಾಣುವುದು ಇನಾಮು ಕೊಟ್ಟವರ ಮುಖ. ಅವರಲ್ಲಿ ಕೆಲವರ ದುಡ್ಡು ಎಲ್ಲಿಂದ ಬಂತೆಂಬುದು ಊರಿಗೆಲ್ಲ ಗೊತ್ತಿರುತ್ತದೆ. ಆದರೂ ನಮ್ಮ ಓಣಿಯ ಹುಡುಗ ಎದುರಾಳಿಯನ್ನು ಚಿತ್ ಮಾಡಿ, ಹಲಗೆಯ ಸದ್ದು ಏರಿ, ಅದೇ ಧಣಿ ಅವನ ತಲೆಗೆ ಪಟಗಾ ಸುತ್ತುವಾಗ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಅದರಲ್ಲಿ ಹುಡುಗನಿಗೆ ಸಂದದ್ದೆಷ್ಟು, ಧಣಿಗೆ ಸಂದದ್ದೆಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಕೆಟ್ಟ ಹೆಸರನ್ನು ಆಟದ ಮೂಲಕ ತೊಳೆದುಕೊಳ್ಳುವ, ಸ್ಪೋರ್ಟ್ಸ್‌ವಾಷಿಂಗ್ ಎಂದು ಈಗ ಕರೆಯುವ ವ್ಯವಹಾರ ಬದುಕಿರುವುದು ಈ ಲೆಕ್ಕ ತಪ್ಪುವ ಜಾಗದಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

2021ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯದ ಪಬ್ಲಿಕ್ ಇನ್ವೆಸ್ಟ್‌ಮೆಂಟ್ ಫಂಡ್ ಎಂಬ ಹೂಡಿಕೆ ನಿಧಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಶೇ 80ರಷ್ಟು ಪಾಲನ್ನು ಕೊಂಡಿತು. ಆ ನಿಧಿಯ ಅಧ್ಯಕ್ಷರು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಒಳಗೆ ಪತ್ರಕರ್ತ ಜಮಾಲ್ ಖಶೋಗಿಯವರ ಹತ್ಯೆಯಾಗಿ ಆಗ ಮೂರೇ ವರ್ಷ ಕಳೆದಿತ್ತು. ಆದರೆ ಕ್ಲಬ್ಬಿನ ಸೇಂಟ್ ಜೇಮ್ಸ್ ಪಾರ್ಕ್ ಮೈದಾನದ ಹೊರಗೆ ಸೇರಿದ ಅಭಿಮಾನಿಗಳು ಕುಣಿದರು, ಕೆಲವರು ಅರಬರಂತೆ ತಲೆಗೆ ವಸ್ತ್ರವನ್ನೂ ಸುತ್ತಿಕೊಂಡಿದ್ದರು. ಹದಿನಾಲ್ಕು ವರ್ಷ ಹಿಂದಿನ ಒಡೆಯ ಮೈಕ್ ಆಶ್ಲಿಯವರ ಜಿಪುಣತನದಲ್ಲಿ ಬೆಂದಿದ್ದ ಆ ಜನರನ್ನು ಹಳಿಯಲು, ಜಾತ್ರೆಯ ಕಣದಲ್ಲಿ ಕುಳಿತು ಬಂದ ನನಗೆ ಬಾಯಿ ಬರುವುದಿಲ್ಲ.

ಸಿಟ್ಟು ಬರುವುದು ಈ ಕ್ಲಬ್ಬುಗಳ ಟೂರ್ನಿ ನಡೆಸುವ ಪ್ರೀಮಿಯರ್ ಲೀಗ್ ಮೇಲೆ. ಸೌದಿ ಸರ್ಕಾರವು ಕ್ಲಬ್ಬನ್ನು ನಿಯಂತ್ರಿಸುವುದಿಲ್ಲವೆಂಬ, ಕಾನೂನಿಗೆ ಬದ್ಧವಾದ ಭರವಸೆ ತನಗೆ ಸಿಕ್ಕಿದೆಯೆಂದು ಹೇಳಿ ಅದು ಈ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಗಾಲ್ಫ್ ವ್ಯಾಜ್ಯವೊಂದರಲ್ಲಿ ದಾಖಲೆಗಳನ್ನು ಒಪ್ಪಿಸಬೇಕಾಗಿ ಬಂದಾಗ, ಅದೇ ನಿಧಿಯ ವಕೀಲರು ಅಮೆರಿಕದ ನ್ಯಾಯಾಲಯದ ಮುಂದೆ ನಿಧಿಯು ಸೌದಿ ಪ್ರಭುತ್ವದ ಅಂಗವೆಂದೂ, ನಿಧಿಯ ಗವರ್ನರ್ ಹಾಗೂ ನ್ಯೂಕ್ಯಾಸಲ್ ಅಧ್ಯಕ್ಷರಾದ ಯಾಸಿರ್ ಅಲ್-ರುಮಯ್ಯಾನ್ ಅಧಿಕಾರದಲ್ಲಿರುವ ಸಚಿವರೆಂದೂ ವಾದಿಸಿದರು. ಕ್ಲಬ್ ಕೊಳ್ಳುವಾಗ ಖಾಸಗಿ, ಕೋರ್ಟಿಗೆ ಕರೆದಾಗ ಸರ್ಕಾರ!

ಜಾತ್ರೆಯ ಧಣಿಗೂ ಪ್ರಭುತ್ವಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಧಣಿ ತಪ್ಪು ಮಾಡಿದರೆ ಅವನ ಮೇಲೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು, ಅದು ಎಲ್ಲಿಗೆ ಮುಟ್ಟುತ್ತದೆ ಎಂಬ ಮಾತು ಬೇರೆ. ಪ್ರಭುತ್ವವೇ ಧಣಿಯಾದರೆ ಠಾಣೆಯೂ ಅದರದೇ, ನೇಣುಗಂಬವೂ ಅದರದೇ. 2022ರ ಮಾರ್ಚ್ 12ರಂದು ಸೌದಿಯಲ್ಲಿ ಒಂದೇ ದಿನ 81 ಜನರಿಗೆ ಮರಣದಂಡನೆ ಜಾರಿಯಾಯಿತು. ಮರುದಿನ ನ್ಯೂಕ್ಯಾಸಲ್ ತಂಡ ಲಂಡನ್ನಿನಲ್ಲಿ ಚೆಲ್ಸಿಯ ವಿರುದ್ಧ ಆಡಿತು. ಆ ಚೆಲ್ಸಿಯ ಆಗಿನ ಒಡೆಯ, ರಷ್ಯದ ಧನಿಕ ರೋಮನ್ ಅಬ್ರಮೋವಿಚ್ ಮೇಲೆ ಬ್ರಿಟನ್ ಮೂರು ದಿನಗಳ ಹಿಂದಷ್ಟೇ ನಿರ್ಬಂಧ ಹೇರಿತ್ತು. ತೊಂಬತ್ತು ನಿಮಿಷದ ಆಟ ಮಾತ್ರ ಎಂದಿನಂತೆ ಚೆನ್ನಾಗಿಯೇ ನಡೆದು, ಚೆಲ್ಸಿ 1-0ರಿಂದ ಗೆದ್ದಿತು.

ಇದೆಲ್ಲ ಬರಿಯ ಆಪಾದನೆ ಎನ್ನುವವರೂ ಇದ್ದಾರೆ. ಆದರೆ ಯುವರಾಜರೇ 2023ರ ಸಂದರ್ಶನವೊಂದರಲ್ಲಿ, ಸ್ಪೋರ್ಟ್ಸ್‌ವಾಷಿಂಗ್‌ನಿಂದ ದೇಶದ ಜಿಡಿಪಿ ಶೇ 1ರಷ್ಟು ಏರುವುದಾದರೆ ಅದನ್ನು ಮುಂದುವರಿಸುವುದಾಗಿ ಹೇಳಿದರು. ಅಷ್ಟರ ಮಟ್ಟಿಗೆ ಅವರು ಲೀಗಿಗಿಂತ ಪ್ರಾಮಾಣಿಕರು.

ನನ್ನ ತಂಗಿಯ ಮಗ ಕ್ಯಾಂಪಿನ ಬಯಲಿಗೆ ಆಡಲು ಹೋಗುವಾಗ ತೊಡುವುದು ಮ್ಯಾಂಚೆಸ್ಟರ್ ಸಿಟಿಯ ತಿಳಿನೀಲಿ ಜರ್ಸಿ. 2008ರಿಂದ ಅಬುಧಾಬಿಯ ರಾಜಮನೆತನದ ಶೇಖ್ ಮನ್ಸೂರ್ ಅವರ ಒಡೆತನದಲ್ಲಿರುವ ಆ ಕ್ಲಬ್ಬಿನ ಜರ್ಸಿಯ ಎದೆಯ ಮೇಲೆ ಅಬುಧಾಬಿಯದೇ ವಿಮಾನ ಕಂಪನಿಯ ಹೆಸರಿದೆ. ವಿಮಾನವನ್ನೇ ಹತ್ತದ ಹುಡುಗ ಅದನ್ನು ಹೊತ್ತು ತಿರುಗುತ್ತಾನೆ. ನಾನು ಈ ಕಥೆಯನ್ನೆಲ್ಲ ಹೇಳಿದಾಗ ಅವನು, “ಮಾಮಾ, ಮತ್ತ ನೀವ್ಯಾಕ ಆವತ್ತು ಎದ್ದು ನಿಂತಿದ್ರಿ?” ಎಂದು ಕೇಳಿದ.

ಅವನು ಕೇಳಿದ್ದು 2025ರ ಮಾರ್ಚ್ 16ರ ಲೀಗ್ ಕಪ್ ಫೈನಲ್ ಕುರಿತು. ಬಾಲ್ಯದಲ್ಲಿ ನ್ಯೂಕ್ಯಾಸಲ್ ಕ್ಲಬ್ ಕೈಬಿಟ್ಟಿದ್ದ, ಅದೇ ಸೀಮೆಯ ಡ್ಯಾನ್ ಬರ್ನ್ ಈಗ ಅದೇ ಕ್ಲಬ್ಬಿನ ಪರವಾಗಿ ಲಿವರ್‌ಪೂಲ್ ವಿರುದ್ಧ ತಲೆಯಿಂದ ಗೋಲು ಹೊಡೆದಾಗ, ಎಪ್ಪತ್ತು ವರ್ಷ ದೇಶದ ದೊಡ್ಡ ಕಪ್ ಕಾಣದ ಊರಿನ ಜೊತೆ ನಾನೂ ಚಪ್ಪಾಳೆ ತಟ್ಟಿದ್ದೆ.