ಶಿರಸಿಯ ಚಪ್ಪರದಲ್ಲಿ ಫಿಯಾಟ್, ಅಂಕೋಲೆಯ ತೆಂಗಿನಡಿ ಅಂಬಾಸಿಡರ್

ಉತ್ತರ ಕನ್ನಡದ ಹಳ್ಳಿಮನೆಗಳಲ್ಲಿ ಹಳೆಯ ಕಾರುಗಳು ಇನ್ನೂ ಉಳಿದಿವೆ ಎಂದು ಕೇಳಿದ್ದೆ. ಕೇಳುವುದು ಬೇರೆ, ನೋಡುವುದು ಬೇರೆ. ಶಿರಸಿ ಸಮೀಪದ ಒಂದು ಮನೆಯಲ್ಲಿ, ಅಡಿಕೆ ಸುಲಿಯುವ ಚಪ್ಪರದ ಮೂಲೆಯಲ್ಲಿ, ಕಟ್ಟಿಗೆ ರಾಶಿಯ ಹಿಂದೆ 1966ರ ಫಿಯಾಟ್ 1100 ಡಿಲೈಟ್ ನಿಂತಿತ್ತು. ಮೇಲೆ ಸೋಗೆ ಬಿದ್ದಿತ್ತು. ಟೈರುಗಳು ನೆಲಕ್ಕೆ ಅಂಟಿದ್ದವು. ಆದರೆ ಬಾಗಿಲು ಎಳೆದರೆ ತೆರೆಯಿತು. ಬಿಟ್ಟರೆ ಸರಿಯಾಗಿ ಹೋಗಿ ಕೂತಿತು. ಅಲ್ಲಿಂದ ಮುಂದೆ ನಮ್ಮ ಪ್ರವಾಸದ ದಾರಿಯೇ ಬದಲಾಯಿತು.

ಹೊರಟಿದ್ದು ಕಾರವಾರದ ಕಡಲು ನೋಡಲು. ಜೊತೆಗೆ ನಮ್ಮ ಭಾವ. ಹುಬ್ಬಳ್ಳಿಯಲ್ಲಿ ಅವರದ್ದು ಚಿಕ್ಕ ಗ್ಯಾರೇಜು. ಮುಂಡಗೋಡದ ಮೇಲೆ ಶಿರಸಿಗೆ ಬಂದು, ಮಾರಿಕಾಂಬೆಗೆ ಕೈಮುಗಿದು, ಭಾವನ ನೆಂಟರ ಮನೆಗೆ ಊಟಕ್ಕೆ ಹೋದೆವು. ಅಪ್ಪೆಹುಳಿ ಅಂದರೆ ಅದು! ಎರಡು ಲೋಟ ಹಾಗೇ ಕುಡಿದೆ. ಹೋಟೆಲುಗಳಲ್ಲಿ ಅದೇ ಹೆಸರಲ್ಲಿ ಕೊಡುವ ಹುಳಿನೀರಿಗೂ ಇದಕ್ಕೂ ಸಂಬಂಧವೇ ಇಲ್ಲ. ಊಟ ಮುಗಿಸಿ ಕೂತಿದ್ದಾಗ ನೆಂಟರ ಮಗ ಹೇಳಿದ: "ಪಕ್ಕದ ಮನೆ ಅಜ್ಜನ ಹತ್ರ ಒಂದು ಹಳೇ ಕಾರಿದೆ, ನೋಡ್ತೀರಾ?"

ಆ ಯಜಮಾನರಿಗೆ ಎಂಬತ್ತರ ಹತ್ತಿರ. ಬಿಳಿ ಪಂಚೆ, ಹೆಗಲ ಮೇಲೆ ಶಾಲು. ನಾವು ಅಂಗಳಕ್ಕೆ ಕಾಲಿಟ್ಟ ಕೂಡಲೇ ಕೇಳಿದ್ದು "ಆಸ್ರಿಗೆ ಎಂತ ಬೇಕು?" ಎಂದು. ಮುರುಗಲು ಹಣ್ಣಿನ ಪಾನಕ ಬಂತು. ಕುಡಿದ ಮೇಲೆಯೇ ಕಾರಿನ ಮಾತು.

ಫಿಯಾಟ್ 1100 ಗೊತ್ತಿಲ್ಲದವರಿಗೆ ಎರಡು ಮಾತು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಇಟಲಿಯ ಫಿಯಾಟ್ ಪರವಾನಗಿಯಲ್ಲಿ ಮಾಡುತ್ತಿದ್ದ ಕಾರು ಇದು. 1089 ಸಿಸಿ ಎಂಜಿನ್. ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ. ಹಿಂಬದಿಯ ಎರಡೂ ಮೂಲೆಯಲ್ಲಿ ಪುಟ್ಟ ರೆಕ್ಕೆ. ಮುಂದೆ ಇದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ಅಂದರೆ ನೆನಪಾಗುವುದು ಅದೇ ಅಲ್ವಾ? 2023ರ ಅಕ್ಟೋಬರ್‌ನಲ್ಲಿ ಆ ಟ್ಯಾಕ್ಸಿಗಳ ಕಾಲ ಮುಗಿಯಿತು.

ಈ ಕಾರು ಯಜಮಾನರ ಅಪ್ಪ ತಂದದ್ದು. ಆಗ ದುಡ್ಡಿದ್ದರೂ ಕಾರು ಸಿಗುತ್ತಿರಲಿಲ್ಲ, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಅಡಿಕೆ ಮಾರಿದ ದುಡ್ಡು ಕಟ್ಟಿ ಅವರೂ ಕಾದರು. ಕಾರು ಬಂದ ಮೇಲೆ ಓಡಿಸಿದ್ದೆಲ್ಲ ಮಗನೇ, ಅಂದರೆ ಈ ಯಜಮಾನರೇ. ದೇವಿಮನೆ ಘಟ್ಟ ಹತ್ತುವಾಗ ರೇಡಿಯೇಟರ್ ಕುದಿಯುತ್ತಿತ್ತಂತೆ. ಪ್ರತಿ ಸಲವೂ ಒಂದೇ ತಿರುವಿನಲ್ಲಿ ನಿಲ್ಲಿಸಿ, ಹಳ್ಳದಿಂದ ನೀರು ತಂದು ಹುಯ್ಯುತ್ತಿದ್ದರಂತೆ. ಅದಕ್ಕೆಂದೇ ಇಟ್ಟಿದ್ದ ಎಣ್ಣೆ ಡಬ್ಬ ಇನ್ನೂ ಡಿಕ್ಕಿಯಲ್ಲಿತ್ತು. ಹಿಡಿಗೆ ತಂತಿ ಸುತ್ತಿದ್ದರು. ಅದನ್ನು ಎತ್ತಿ ತೋರಿಸುವಾಗ ಅವರ ಮುಖ ಅರಳಿತು.

ಭಾವ ಮೊದಲು ನೆಲಕ್ಕೆ ಮಲಗಿದರು. ಕಾರಿನ ತಳ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ತಗಡು, ಹಿಂದಿನ ಸ್ಪ್ರಿಂಗ್ ಪಟ್ಟೆಗಳು ಕೂರುವ ಜಾಗ, ಎಲ್ಲವನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದರು. ಈ ಕಾರಿಗೆ ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ತಗಡಿನ ಮೈಯೇ ಭಾರ ಹೊರುತ್ತದೆ. ಆದ್ದರಿಂದ ಕೆಳಗಿನ ತಗಡು ಹೋದರೆ ಬೆನ್ನುಮೂಳೆಯೇ ಹೋದ ಹಾಗೆ. ಡ್ರೈವರ್ ಕಾಲಿಡುವ ಜಾಗದಲ್ಲಿ ಅಂಗೈಯಗಲ ತೂತು ಇತ್ತು. ಉಳಿದ ಕಡೆ ಟಣ್ ಟಣ್ ಸದ್ದು ಬಂತು. ಭಾವ ಎದ್ದು, "ಮೇಲೆ ಹಂಚಿನ ಮಾಡು ಇದ್ದಿದ್ದಕ್ಕೆ ಉಳೀತು" ಅಂದರು.

"ಎಂಜಿನ್ ಜಾಮ್ ಆಗಿದೆಯಾ ಯಜಮಾನ್ರೇ?"

"ಆಗಬಾರದು. ಮೊನ್ನೆ ಮೊನ್ನೆವರೆಗೂ ಆಯುಧಪೂಜೆಗೆ ಹ್ಯಾಂಡಲ್ ಹಾಕಿ ತಿರುಗಿಸ್ತಾ ಇದ್ದೆ. ಸೊಂಟ ಬಿದ್ದ ಮೇಲೆ ಬಿಟ್ಟೆ."

ಭಾವ ನಾಲ್ಕೂ ಪ್ಲಗ್ ಬಿಚ್ಚಿದರು. ಒಂದೊಂದು ತೂತಿಗೂ ಒಂದಿಷ್ಟು ಎಣ್ಣೆ ಬಿಟ್ಟರು. ಇಂಥ ಎಂಜಿನ್ನನ್ನು ಸುಮ್ನೆ ಬ್ಯಾಟರಿ ಜೋಡಿಸಿ ತಿರುಗಿಸಬಾರದು ಎಂದು ನನಗೆ ಹೇಳಿದರು. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಕಚ್ಚಿಕೊಂಡಿದ್ದರೆ ಎಳೆದಾಗ ಗೋಡೆ ಗೀರಿ ಹೋಗುತ್ತದೆ. ಎಣ್ಣೆ ಇಳಿಯಲು ಒಂದು ರಾತ್ರಿ ಕೊಡಬೇಕು. ಹಾಗಾಗಿ ನಾವು ಅಲ್ಲೇ ಉಳಿದೆವು. ಕಾರವಾರ ಕಾಯಲಿ ಎಂದೆವು.

ಬೆಳಿಗ್ಗೆ ಹ್ಯಾಂಡಲ್ ಹಾಕಿದಾಗ ಮನೆಯವರೆಲ್ಲ ಚಪ್ಪರದಲ್ಲಿದ್ದರು. ಅಡಿಕೆ ಸುಲಿಯುತ್ತಿದ್ದ ಹೆಂಗಸರೂ ಕತ್ತಿ ಬಿಟ್ಟು ಬಂದರು. ಭಾವ ಜೋರು ಮಾಡಲಿಲ್ಲ. ಮೆಲ್ಲಗೆ ಹಿಂದಕ್ಕೆ, ಮುಂದಕ್ಕೆ ಅಲ್ಲಾಡಿಸಿದರು. ಒಮ್ಮೆ ಕೂದಲೆಳೆಯಷ್ಟು ಕದಲಿತು. ಮತ್ತೊಮ್ಮೆ ಇನ್ನಷ್ಟು. ಆಮೇಲೆ ಪೂರ್ತಿ ಒಂದು ಸುತ್ತು ಬಂತು. ಪ್ಲಗ್ ತೂತುಗಳಿಂದ ಫುಸ್ ಅಂತ ಎಣ್ಣೆ ಹಾರಿ ಭಾವನ ಅಂಗಿಗೆ ಬಿತ್ತು. ಯಜಮಾನರು ಮಾತಾಡಲಿಲ್ಲ. ಮುಂದೆ ಬಂದು ಹ್ಯಾಂಡಲ್ ಮೇಲೆ ಕೈ ಇಟ್ಟರು. ನನ್ನ ಕಣ್ಣು ತುಂಬಿತು.

ಅಲ್ಲಿಂದ ವಾದ ಶುರುವಾಯಿತು.

ಯಜಮಾನರ ಮಗ ಬೆಂಗಳೂರಿನಿಂದ ಹಬ್ಬದ ರಜೆಗೆ ಬಂದಿದ್ದ. ಒಳ್ಳೆಯ ಹುಡುಗ, ಕಾರಿನ ಮೇಲೆ ನಿಜವಾದ ಆಸೆ ಇದೆ. ಅವನ ಲೆಕ್ಕ ಹೀಗಿತ್ತು: ಪೂರ್ತಿ ಬಿಚ್ಚಿಸಿ, ಟಿಂಕರಿಂಗ್ ಮಾಡಿಸಿ, ಕೆಂಪು-ಬಿಳಿ ಬಣ್ಣ ಹೊಡೆಸಿ, ಹೊಸ ಕಾಲದ ಎಂಜಿನ್ ಕೂರಿಸಿ, ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡುವುದು. ಖರ್ಚು ಹಾಗೆ ಹುಟ್ಟುತ್ತದೆ.

ಯಜಮಾನರು ಕೇಳಿದರು, "ಅಷ್ಟೆಲ್ಲ ಮಾಡಿದ ಮೇಲೆ ಅಪ್ಪನ ಕಾರು ಎಲ್ಲಿ ಉಳೀತು?"

"ಹಾಗೇ ಬಿಟ್ರೆ ಮಣ್ಣಾಗತ್ತಲ್ಲ ಅಪ್ಪ!"

"ಮಣ್ಣಾಗ್ಲಿ ಅಂತ ಹೇಳಿದ್ನಾ ನಾನು?"

ಇಲ್ಲಿ ನಾನು ಬಾಯಿ ಹಾಕಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ ಎಂದು ಹೇಳಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪ ಉಳಿದಿರಬೇಕು, ದೊಡ್ಡ ಬದಲಾವಣೆ ಮಾಡಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ಮರು ನೋಂದಣಿಗೆ 5,000. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಇದು ಕೇಳಿ ಯಜಮಾನರು ಖುಷಿಯಾದರು. ಮೈಸೂರು ರಾಜ್ಯದ ಕಾಲದ, ಎಂವೈಯಿಂದ ಶುರುವಾಗುವ ಆ ನಂಬರ್ ಪ್ಲೇಟ್ ಅವರ ಅಪ್ಪನ ಕೈಬರಹದ್ದು. ಮಗನಿಗೆ ಮಾತ್ರ ಬೇಸರವಾಯಿತು. ಎಂಜಿನ್ ಬದಲಿಸಿದರೆ ವಿಂಟೇಜ್ ಅನ್ನುವ ಮಾತೇ ಇಲ್ಲ, ಬಾಡಿಗೆಗೆ ಬಿಡುವುದಂತೂ ಆಗದು.

"ಆದ್ರೆ ವಿಂಟೇಜ್ ಗಾಡಿನ ದಿನಾ ಓಡಿಸೋ ಹಾಗಿಲ್ಲ ಯಜಮಾನ್ರೇ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಅಷ್ಟೇ ರಸ್ತೆಗೆ ತರಬಹುದು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಪೇಟೆಗೆ ಹೋಗಿ ಅಡಿಕೆ ರೇಟು ಕೇಳ್ಕೊಂಡು ಬರೋಕಾಗಲ್ಲ?"

"ಆಗಲ್ಲ."

"ಪೇಟೆಗೆ ಹೋಗದ ಕಾರು ಎಂತಕ್ಕೆ?"

ಆ ಪ್ರಶ್ನೆ ನನ್ನೊಳಗೆ ಇನ್ನೂ ಇದೆ. ಹಳೆ ಕಾರಿನ ಬಗ್ಗೆ ನಾವು ಮಾತಾಡುವುದೆಲ್ಲ ಹೊಳಪಿನ ಬಗ್ಗೆ. ಕ್ರೋಮ್ ಎಷ್ಟು ಮಿಂಚುತ್ತದೆ, ಬಣ್ಣ ಯಾವ ಅಂಗಡಿಯದ್ದು, ಸೀಟಿನ ಹೊಲಿಗೆ ಹೇಗಿದೆ. ಇವರಿಗೆ ಬೇಕಾದದ್ದು ಶಿರಸಿ ಪೇಟೆಗೆ ಹೋಗಿ ಬರುವ ಕಾರು. ಧರ್ಮಸ್ಥಳದ ಕಾರು ಸಂಗ್ರಹವನ್ನೂ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಮ್ಮನ್ನೂ ನಾನು ಮನಸಾರೆ ಮೆಚ್ಚುತ್ತೇನೆ. ಅಷ್ಟು ಗಾಡಿಗಳನ್ನು ಒಂದೆಡೆ ಕಾಪಾಡುವುದು ದೊಡ್ಡ ಕೆಲಸ. ಆದರೆ ಮನೆಯ ಕಾರು ಮನೆಯಲ್ಲೇ ಇದ್ದು ಓಡಾಡಿಕೊಂಡಿದ್ದರೆ ಅದರ ಚಂದವೇ ಬೇರೆ.

ಭಾವ ಒಂದು ದಾರಿ ಹೇಳಿದರು. ಮೊದಲು ಬ್ರೇಕ್. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಇರುವುದು, ಸಿಲಿಂಡರು, ರಬ್ಬರು ಎಲ್ಲ ಹೊಸದು ಹಾಕಬೇಕು. ಆಮೇಲೆ ತಳದ ತಗಡು. ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಯಬೇಕು, ಹಳೆ ಪೆಟ್ರೋಲ್ ಅಂಟಾಗಿ ಕೂತಿರುತ್ತದೆ. ವೈರಿಂಗ್ ಪೂರ್ತಿ ಬದಲಾಗಬೇಕು, ಇಲಿ ಕಡಿದಿದೆ. ಬಣ್ಣ ಮುಟ್ಟುವುದೇ ಬೇಡ, ಈಗಿರುವ ಮಾಸಿದ ಬೂದಿ ಬಣ್ಣವೇ ಇರಲಿ. ನೋಂದಣಿಯನ್ನು ವಿಂಟೇಜ್ ಮಾಡದೆ, ಮಾಮೂಲಿ ಖಾಸಗಿ ಕಾರಿನ ಹಾಗೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು. ಆರ್‌ಸಿ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲಿದೆ, ಆ ಕೆಲಸ ಎಲ್ಲಕ್ಕಿಂತ ಮೊದಲು. ಮಗ ಕೂಡಲೇ ಒಪ್ಪಲಿಲ್ಲ. "ನೋಡೋಣ" ಅಂದ. ಯಜಮಾನರು "ಅಡ್ಡಿಲ್ಲ" ಅಂದರು.

ಮಧ್ಯಾಹ್ನ ಕುಮಟಾ ಕಡೆ ಹೊರಟೆವು. ಈಗ ಹೇಳುವುದನ್ನು ದಯವಿಟ್ಟು ನೆನಪಿಡಿ. ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ದಾರಿ ಮುಚ್ಚಿದ್ದರು. ಶಿರಸಿ ಬಿಡುವಾಗ ಒಂದು ಬೋರ್ಡೂ ಇರಲಿಲ್ಲ. ಮೊಬೈಲ್ ನಕ್ಷೆಯೂ ನೇರ ಹೋಗಿ ಎನ್ನುತ್ತಲೇ ಇತ್ತು. ರಾಗಿಹೊಸಳ್ಳಿ ದಾಟಿದ ಮೇಲೆ ಬಿದಿರು ಅಡ್ಡ ಕಟ್ಟಿದ್ದರು. ವಾಪಸ್ ಶಿರಸಿಗೆ ಬಂದು, ಯಲ್ಲಾಪುರ ಸುತ್ತಿ, ಅರಬೈಲು ಘಟ್ಟದಲ್ಲಿ ಲಾರಿಗಳ ಹಿಂದೆ ಹಿಂದೆ ಇಳಿಯುವಾಗ ಕತ್ತಲಾಯಿತು. ದಾರಿ ಮುಚ್ಚುವವರು ಪೇಟೆಯಲ್ಲೇ ಒಂದು ಫಲಕ ಹಾಕಿದರೆ ಎಷ್ಟು ಜನರ ದಿನ ಉಳಿಯುತ್ತದೆ! ಘಟ್ಟ ಇಳಿಯುವ ಮೊದಲು ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಯಾವುದಾದರೂ ಬಸ್ ಡ್ರೈವರನ್ನು ಕೇಳಿಕೊಂಡೇ ಹೊರಡಿ.

ಆ ಸುತ್ತುದಾರಿಯಿಂದಾಗಿ ಅಂಕೋಲೆಯಲ್ಲಿ ತಂಗಿದೆವು. ಮರುದಿನ ಕಡಲ ಕಡೆ ಹೋಗುವಾಗ ಒಂದು ಹಿತ್ತಲಲ್ಲಿ, ತೆಂಗಿನ ಮರದ ಬುಡದಲ್ಲಿ ಅಂಬಾಸಿಡರ್ ಮಾರ್ಕ್ 2 ಕಂಡಿತು. ಮುಂದಿನ ಚೌಕುಳಿ ಜಾಲರಿ ನೋಡಿ ಭಾವ ಗುರುತಿಸಿದರು. ಮನೆಯಾಕೆ ಹೊರಬಂದರು. ಗಂಡ ಅದನ್ನು ಟ್ಯಾಕ್ಸಿ ಓಡಿಸುತ್ತಿದ್ದರಂತೆ, ಈಗಿಲ್ಲ. "ಗುಜರಿಯವ ಕೇಳ್ತಾ ಇದ್ದಾನೆ. ನೀವೇನು ಹೇಳ್ತ್ರಿ?" ಎಂದರು.

ಭಾವ ಬಾಗಿಲ ಕೆಳಗೆ ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು. ಇಲ್ಲಿ ಮೇಲೆ ಮಾಡು ಇರಲಿಲ್ಲ. ಕರಾವಳಿಯ ಮಳೆ, ಮಳೆ ಬಿಟ್ಟ ಮೇಲೂ ಬೀಸುವ ಉಪ್ಪು ಗಾಳಿ. ತಗಡಿನ ಮೇಲೆ ಕೂತ ಉಪ್ಪು ಗಾಳಿಯ ಪಸೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ಹಗಲೂ ರಾತ್ರಿ ತಿನ್ನುತ್ತದೆ. ಅಂಬಾಸಿಡರಿಗೂ ಬೇರೆ ಚಾಸಿ ಇಲ್ಲ. ಇದನ್ನು ಉಳಿಸುವುದೆಂದರೆ ಇನ್ನೊಂದು ಕಾರು ಮಾಡಿದಂತೆಯೇ. "ಅಕ್ಕಾ, ಇದು ಎದ್ದು ನಿಲ್ಲೋದಿಲ್ಲ. ಆದ್ರೆ ಕೆಜಿ ಲೆಕ್ಕಕ್ಕೆ ಕೊಡಬೇಡಿ" ಎಂದರು ಭಾವ. ಎಂಜಿನ್, ಗೇರ್ ಬಾಕ್ಸ್, ಮೀಟರುಗಳು, ಹಿಂದಿನ ಆಕ್ಸಲ್, ಗಾಜು, ಬಾಗಿಲ ಹಿಡಿ, ಇವೆಲ್ಲ ಬೇರೊಂದು ಅಂಬಾಸಿಡರನ್ನು ಬದುಕಿಸುತ್ತವೆ. ಪಟ್ಟಿ ಬರೆದುಕೊಟ್ಟು, ಯಾರನ್ನು ಕೇಳಬೇಕೆಂದೂ ಹೇಳಿದರು. ಆಕೆ ಸ್ಟೇರಿಂಗ್ ಚಕ್ರ ಮಾತ್ರ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಅಂದರು. ಅದು ನ್ಯಾಯ.

ಕಾರವಾರದಲ್ಲಿ ಉಳಿದದ್ದು ಸ್ವಲ್ಪ ಹೊತ್ತು. ಟ್ಯಾಗೋರ್ ಕಡಲತೀರದಲ್ಲಿ ಐಎನ್ಎಸ್ ಚಪಲ ಯುದ್ಧನೌಕೆಯನ್ನು ಹತ್ತಿದೆವು. ಪಕ್ಕದಲ್ಲಿ ಟುಪೊಲೆವ್ ವಿಮಾನವೂ ಇದೆ. ಅಷ್ಟು ಹತ್ತಿರದ ಉಪ್ಪು ಗಾಳಿಯಲ್ಲಿ ಉಕ್ಕನ್ನು ಉಳಿಸಬೇಕಾದರೆ ಕೆರೆಯುವುದು, ಬಣ್ಣ ಹೊಡೆಯುವುದು ನಿಲ್ಲುವಂತಿಲ್ಲ. ಮೀನೂಟ ಚೆನ್ನಾಗಿತ್ತಂತೆ, ಭಾವ ಹೇಳಿದರು. ನನಗೆ ಮುರುಗಲು, ತೆಂಗಿನಹಾಲಿನ ಸೋಲ್ ಕಡಿಯೇ ಸಾಕಾಯಿತು.

ಊರಿಗೆ ಬಂದ ಮೇಲೆ ಶಿರಸಿಯಿಂದ ಫೋನ್ ಬಂತು, ಮಗನದ್ದು. ವಾರಸುದಾರರ ಕಾಗದಪತ್ರ ಜೋಡಿಸಲು ಶುರು ಮಾಡಿದ್ದಾನೆ. ಬಣ್ಣದ ಮಾತು ಬಿಟ್ಟಿದ್ದಾನೆ. ಬ್ರೇಕಿನ ಸಾಮಾನು ಕುರ್ಲಾದಿಂದ ತರಿಸುವುದು, ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕುವುದು ಎಂದಾಗಿದೆ. ಪದ್ಮಿನಿ ಟ್ಯಾಕ್ಸಿಗಳು ಹೋದ ಮೇಲೆ ಸಾಮಾನು ಇಡುವವರು ಕಡಿಮೆಯಾಗುತ್ತಾರೆ ಎಂಬ ಚಿಂತೆ ಭಾವನಿಗೆ ಇದೆ, ಅದಕ್ಕೇ ಅವಸರ. ತಳದ ತಗಡಿನ ಕೆಲಸ ಮಳೆಗಾಲಕ್ಕೆ ಮೊದಲು ಮುಗಿಯಬೇಕು. ಈಗ ಸಿಗದೆ ಇರುವುದು ಹಿಂದಿನ ಗಾಜಿನ ರಬ್ಬರ್ ಬೀಡಿಂಗ್. 1100 ಡಿಲೈಟಿನದ್ದು ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಇದ್ದರೆ ಖಂಡಿತ ತಿಳಿಸಿ. ಹಳೆಯದಾದರೂ ಪರವಾಗಿಲ್ಲ, ಬಿರಿದಿರಬಾರದು ಅಷ್ಟೇ.