ಕೋಚ್ ಸೀಫರ್ಟ್ ಅವರನ್ನು ಎಲ್ಲಿ ಕೂರಿಸೋದು? ಒಂದು ಫಾರ್ಟಿನೈನರ್ಸ್ ನೋಟ್‌ಬುಕ್ಕಿನ ಕಥೆ

ಫೆಬ್ರವರಿ 12, 2024, ಸೋಮವಾರ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಲಾಸ್ ವೇಗಸ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವರ್ಷದ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ತಂಡ ಫಾರ್ಟಿನೈನರ್ಸ್ ಮತ್ತೆ ಸೋತರು. 25-22. ಅದೂ ಓವರ್‌ಟೈಮ್‌ನಲ್ಲಿ. ಮಾಡಿಟ್ಟ ಚಿತ್ರಾನ್ನ ಹಾಗೇ ಉಳಿಯಿತು. ಬಂದಿದ್ದ ಗೆಳೆಯರು ಚಪ್ಪಲಿ ಮೆಟ್ಟಿಕೊಳ್ಳುವಾಗ ಒಬ್ಬರು ಶುರು ಮಾಡಿದರು: "ಈ ಶನಹಾನ್ ಕೊನೇ ಗಳಿಗೆಯಲ್ಲೇ ಕೈ ಕೊಡ್ತಾರೆ ಕಣ್ರೀ." ಇನ್ನೊಬ್ಬರು ಬಿಡಲಿಲ್ಲ: "ಈ ತಂಡ ಕಂಡ ಅತ್ಯುತ್ತಮ ಮೂರು ಕೋಚ್‌ಗಳಲ್ಲಿ ಒಬ್ಬರು ಅವರು, ಸುಮ್ನಿರಿ." ಬಾಗಿಲಲ್ಲೇ ಅರ್ಧ ಗಂಟೆ ಜಗಳ.

ಸಾಂಟಾ ಕ್ಲಾರಾದಲ್ಲಿ ನಮ್ಮ ಮನೆಯಿಂದ ಸ್ಟೇಡಿಯಂ ಹತ್ತಿರ. ಇಷ್ಟು ವರ್ಷದಿಂದ ನೋಡ್ತಾ ಇದ್ದೀನಿ, ಆದರೆ ಸರಿಯಾಗಿ ಕೂತು ಲೆಕ್ಕ ಹಾಕಿದ್ದಿಲ್ಲ. ಬೆಳಗ್ಗೆ ಮಗಳ ಹಳೆಯ ನೋಟ್‌ಬುಕ್ ಒಂದು ಸಿಕ್ಕಿತು, ಅರ್ಧ ಖಾಲಿ. ಎಡ ಪುಟ ಕೋಚ್‌ಗಳಿಗೆ, ಬಲ ಪುಟ ಕ್ವಾರ್ಟರ್‌ಬ್ಯಾಕ್‌ಗಳಿಗೆ. 1946ರಿಂದ ಇವತ್ತಿನವರೆಗೆ. ಎರಡೂ ಕಡೆ ಎಲ್ಲರಿಗಿಂತ ಒಳ್ಳೆಯ ಐದು ಜನ ಯಾರು ಅಂತ ಬರೆಯಬೇಕು, ಪೆನ್ಸಿಲ್‌ನಲ್ಲಿ. ಎರಡು ವಾರದ ಕೆಲಸ ಅಂದುಕೊಂಡಿದ್ದೇನೆ.

ಈ ಆಟ ನೋಡದವರಿಗೆ ಒಂದು ಮಾತು. ಕ್ವಾರ್ಟರ್‌ಬ್ಯಾಕ್ ಅಂದರೆ ಪ್ರತಿ ಸಲ ಚೆಂಡು ಮೊದಲು ಕೈಗೆ ಬರುವವನು. ಯಾರಿಗೆ ಎಸೆಯಬೇಕು, ಎಸೆಯಬೇಕೋ ಬೇಡವೋ, ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಆಗಬೇಕು. ಎದುರಿಗೆ ನೂರಿಪ್ಪತ್ತು ನೂರೈವತ್ತು ಕೆಜಿಯವರು ಮೇಲೆ ಬೀಳೋಕೆ ಓಡಿ ಬರ್ತಾ ಇರ್ತಾರೆ.

ಫೆಬ್ರವರಿ 25

ಬಲ ಪುಟದ ಮೇಲೆ ಕೂತೆ. ಮೊದಲ ಹೆಸರು ಬರೆಯೋಕೆ ಯೋಚನೆಯೇ ಬೇಡ: ಜೋ ಮೊಂಟಾನಾ. 1979ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) 82ನೆಯವರಾಗಿ ಸಿಕ್ಕವರು. ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕೂ ಗೆದ್ದರು. ಆ ನಾಲ್ಕು ಆಟಗಳಲ್ಲಿ 122 ಸಲ ಎಸೆದರು. 11 ಟಚ್‌ಡೌನ್ (ಆರು ಅಂಕ ತರುವ ಎಸೆತ), ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಎಸೆತ) ಸೊನ್ನೆ. ಆ ಸೊನ್ನೆ ನೋಡಿದಾಗಲೆಲ್ಲ ಇನ್ನೊಂದು ಸಲ ಎಣಿಸಬೇಕು ಅನಿಸುತ್ತದೆ.

ತೊಂದರೆ ಎರಡನೇ ಹೆಸರಿಗೆ. ಎಸೆತಗಳಿಂದ ತಂಡ ಮುಂದೆ ಸಾಗಿದ ದೂರ, ಅಂದರೆ ಯಾರ್ಡ್ ಲೆಕ್ಕ ಹಿಡಿದರೆ ಮೊಂಟಾನಾ (35,124) ಆದ ಮೇಲೆ ಬರೋದು ಸ್ಟೀವ್ ಯಂಗ್ ಅಲ್ಲ, ಜಾನ್ ಬ್ರೋಡಿ: 31,548. ಈ ತಂಡಕ್ಕಾಗಿ ಯಂಗ್ ಎಸೆದದ್ದು 29,907. ಆದರೆ ಬ್ರೋಡಿ 214 ಟಚ್‌ಡೌನ್ ಜೊತೆ 224 ಇಂಟರ್‌ಸೆಪ್ಷನ್ ಕೂಡ ಕೊಟ್ಟಿದ್ದಾರೆ. ಪಾಸರ್ ರೇಟಿಂಗ್ ಅಂತ ಒಂದು ಅಳತೆ ಇದೆ, ಪೂರ್ತಿ ಅಂಕ 158.3. (ಯಾಕೆ 100 ಅಲ್ಲ ಅಂತ ಕೇಳಬೇಡಿ, ಅದಕ್ಕೇ ಒಂದು ಪುಟ ಬೇಕು.) ಅದರಲ್ಲಿ ಯಂಗ್ ಎಲ್ಲೋ ಮೇಲೆ, ಬ್ರೋಡಿ ಎಲ್ಲೋ ಕೆಳಗೆ.

ಇಷ್ಟಕ್ಕೇ ಮುಗಿಸಿ ಯಂಗ್ ಎರಡು, ಬ್ರೋಡಿ ಐದು ಅಂತ ಬರೆದೆ. ಬೇಲಿಯಾಚೆಯ ಅಜ್ಜನಿಗೆ ಹೇಳಿದ್ದೇ ತಪ್ಪಾಯ್ತು.

ಮಾರ್ಚ್ 3

ಪಕ್ಕದ ಮನೆಯ ಅಜ್ಜ ಚಿಕ್ಕವರಾಗಿದ್ದಾಗ ಕೀಜರ್ ಸ್ಟೇಡಿಯಂಗೆ ಹೋಗ್ತಿದ್ದವರು. ಗೋಲ್ಡನ್ ಗೇಟ್ ಪಾರ್ಕಿನ ಮೂಲೆಯಲ್ಲಿ, 1970ರವರೆಗೆ ತಂಡ ಆಡಿದ್ದು ಅಲ್ಲೇ. ತಂಡ ಸೋತರೆ ಜನ ಮೇಲಿಂದ ಬಾಟಲಿ ಎಸೀತಿದ್ದರಂತೆ. ಆಟಗಾರರು ಒಳಗೆ ಹೋಗುವ ದಾರಿಗೆ ಕೊನೆಗೆ ತಂತಿ ಬಲೆ ಹೊದಿಸಬೇಕಾಯ್ತು. ಬ್ರೋಡಿ ಹೆಲ್ಮೆಟ್ ತೆಗೆಯದೇ ಹೋಗ್ತಿದ್ದರು ಅಂತ ಅಜ್ಜ ನಗ್ತಾ ಹೇಳಿದರು.

ಆಮೇಲೆ ಬೈದರು. ಬ್ರೋಡಿ ಆಡಿದ್ದು 1957ರಿಂದ 1973. ಆಗ ಚೆಂಡು ಹಿಡಿಯಲು ಓಡುವವನನ್ನು ಎದುರಾಳಿ ದಾರಿಯುದ್ದಕ್ಕೂ ತಳ್ಳಬಹುದಿತ್ತು. 1978ರಲ್ಲಿ ನಿಯಮ ಬದಲಾಯ್ತು, ಐದು ಯಾರ್ಡ್ ದಾಟಿದ ಮೇಲೆ ಮುಟ್ಟುವ ಹಾಗಿಲ್ಲ. ಎಸೆತದ ಆಟವೇ ಅಲ್ಲಿಂದ ಬೇರೆ. ಆಟಗಳ ಸಂಖ್ಯೆಯೂ ಅಷ್ಟೇ: ಮೊದಲು ವರ್ಷಕ್ಕೆ 12, ಆಮೇಲೆ 14, ಆಮೇಲೆ 16, ಈಗ 17. ಅಕ್ಕಿಯನ್ನು ಸೇರಲ್ಲಿ, ಬೇಳೆಯನ್ನು ಕೆಜಿಯಲ್ಲಿ ಅಳೆದು ಯಾವುದು ಜಾಸ್ತಿ ಅಂತ ಕೇಳಿದ ಹಾಗೆ.

ಹೊಸ ಉಪಾಯ: ಪ್ರತಿಯೊಬ್ಬರನ್ನೂ ಅವರವರ ವರ್ಷದ ಉಳಿದ ಕ್ವಾರ್ಟರ್‌ಬ್ಯಾಕ್‌ಗಳ ಜೊತೆ ಮಾತ್ರ ಹೋಲಿಸುವುದು. ಹಾಗೆ ಮಾಡಿದ ತಕ್ಷಣ 1970 ಎದ್ದು ಕಂಡಿತು. ಆ ವರ್ಷ ಬ್ರೋಡಿ 24 ಟಚ್‌ಡೌನ್, 10 ಇಂಟರ್‌ಸೆಪ್ಷನ್, ಲೀಗ್‌ನ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ. ಇಡೀ ವರ್ಷ ಎದುರಾಳಿಗಳು ಅವರನ್ನು ಚೆಂಡಿನ ಸಮೇತ ಕೆಡವಿದ್ದು ಎಂಟೇ ಸಲ. ಐದರಿಂದ ಮೂರಕ್ಕೆ ಏರಿಸಿದೆ. ಅಜ್ಜನಿಗೆ ಸಮಾಧಾನ ಇಲ್ಲ, ಆದರೆ ಮಾತಾಡ್ತಾ ಇದ್ದಾರೆ.

ಮಾರ್ಚ್ 17

ಈ ವಾರ ಕೆಲಸ ಹಿಂದಕ್ಕೆ ಹೋಯ್ತು. ಅಂಕಿ ನಕಲು ಮಾಡುವಾಗ ಒಂದು ಸಾಲು ಕೆಳಗೆ ಜಾರಿದ್ದೇನೆ. ಮೂರು ದಿನ ವೈ. ಎ. ಟಿಟ್ಲ್ ಅವರ ಲೆಕ್ಕ ಬ್ರೋಡಿ ಹೆಸರಲ್ಲಿತ್ತು. ಎಲ್ಲ ಅಳಿಸಿ ಮತ್ತೆ ಬರೆದೆ.

ಟಿಟ್ಲ್ ನಾಲ್ಕನೆಯವರು. ಅವರೂ, ಅವರ ಹಿಂದೆ ನಿಲ್ತಿದ್ದ ಮೂವರು ಓಟಗಾರರೂ, ನಾಲ್ಕೂ ಜನ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಅಂದರೆ ಶ್ರೇಷ್ಠ ಆಟಗಾರರ ಗೌರವಪಟ್ಟಿಯಲ್ಲಿ. 1961ರಲ್ಲಿ ಅವರನ್ನು ನ್ಯೂಯಾರ್ಕ್ ಜೈಂಟ್ಸ್‌ಗೆ ಕೊಟ್ಟು ಒಬ್ಬ ಲೈನ್‌ಮನ್ ತಗೊಂಡರು, ಅಷ್ಟೇ. ಚಿನ್ನ ಕೊಟ್ಟು ತಗಡು ತಂದ ಹಾಗೆ.

ಐದನೇ ಜಾಗಕ್ಕೆ ಗಾರ್ಸಿಯಾ, ಕೇಪರ್ನಿಕ್, ಪರ್ಡಿ. ಬ್ರಾಕ್ ಪರ್ಡಿ ಎರಡೇ ವರ್ಷ ಆಡಿದ್ದಾರೆ, ನಿಜ. ಆದರೆ 2022ರ ಡ್ರಾಫ್ಟ್‌ನಲ್ಲಿ 262ನೆಯವರು, ಅಂದರೆ ಕಟ್ಟಕಡೆಯವರು. 2023ರಲ್ಲಿ 4,280 ಯಾರ್ಡ್ ಎಸೆದು ಜೆಫ್ ಗಾರ್ಸಿಯಾ ಅವರ 4,278ರ ದಾಖಲೆಯನ್ನು ಎರಡು ಯಾರ್ಡ್‌ನಲ್ಲಿ ಮುರಿದರು. ರೇಟಿಂಗ್ 113.0. ಯಂಗ್ ಅವರ 1994ರ 112.8 ಹಿಂದೆ ಬಿತ್ತು. ಐದನೇ ಜಾಗ ಸದ್ಯಕ್ಕೆ ಖಾಲಿ. ಮಗಳು ಪರ್ಡಿ ಪಕ್ಷ.

ಏಪ್ರಿಲ್ 7

ಎಡ ಪುಟ. ಬಿಲ್ ವಾಲ್ಶ್ ಮೇಲೆ, ಜಗಳವಿಲ್ಲ. 1978ರಲ್ಲಿ ತಂಡ 2 ಗೆದ್ದು 14 ಸೋತಿತ್ತು. ಮರುವರ್ಷ ವಾಲ್ಶ್ ಬಂದರು. ಆಗಲೂ 2-14! ಅದರ ಮುಂದಿನ ವರ್ಷ 6-10. ಮೂರನೇ ವರ್ಷ 13-3, ಸೂಪರ್ ಬೌಲ್. ಸಿನ್ಸಿನಾಟಿಯಲ್ಲಿ ಸಹಾಯಕರಾಗಿದ್ದಾಗ ಅವರಿಗೆ ಸಿಕ್ಕ ಕ್ವಾರ್ಟರ್‌ಬ್ಯಾಕ್‌ನ ತೋಳಿಗೆ ದೂರ ಎಸೆಯುವ ಬಲ ಇರಲಿಲ್ಲ. ಇದ್ದದ್ದರಲ್ಲೇ ಸಂಸಾರ ಮಾಡಬೇಕಲ್ಲ. ಅಡ್ಡಡ್ಡ ಸಣ್ಣ ಎಸೆತಗಳ ಒಂದು ಆಟ ಕಟ್ಟಿದರು. ಅದೇ ಆಮೇಲೆ ಲೀಗನ್ನೆಲ್ಲ ಆವರಿಸಿತು. ಪಂದ್ಯದ ಮೊದಲ 25 ನಡೆಗಳನ್ನು ಮುಂಚೆಯೇ ಹಾಳೆಯಲ್ಲಿ ಬರೆದಿಟ್ಟುಕೊಂಡು ಬರ್ತಿದ್ದರು.

ಎರಡನೇ ಜಾಗದಲ್ಲಿ ಇಡೀ ಯೋಜನೆ ಕೆಟ್ಟು ನಿಂತಿದೆ.

ಜಾರ್ಜ್ ಸೀಫರ್ಟ್: 1989ರಿಂದ 1996. 98 ಗೆಲುವು, 30 ಸೋಲು. ವಾಲ್ಶ್: 92 ಗೆಲುವು, 59 ಸೋಲು, ಒಂದು ಸಮ. ಸೀಫರ್ಟ್ ಅವರಿಗೆ ಎರಡು ಸೂಪರ್ ಬೌಲ್. ಒಂದರಲ್ಲಿ 55-10. ಎಂಟು ವರ್ಷದಲ್ಲಿ ಒಂದು ವರ್ಷವೂ ಹತ್ತಕ್ಕಿಂತ ಕಡಿಮೆ ಗೆಲುವಿಲ್ಲ. ಅಂಕಿ ಮಾತ್ರ ನೋಡಿದರೆ ಅವರೇ ಮೊದಲು ಬರಬೇಕು. ಆದರೆ ಹಾಸಿದ ಎಲೆಗೆ ಬಂದು ಕೂತವರು ಅಲ್ವಾ? ಮೊಂಟಾನಾ, ರೈಸ್, ಲಾಟ್, ಎಲ್ಲರೂ ವಾಲ್ಶ್ ಆರಿಸಿದವರು. ಹಾಗಾಗಿ ಒಂದು ನಿಯಮ ಮಾಡಿಕೊಂಡೆ: ಬಂದಾಗ ಏನಿತ್ತು, ಹೋಗುವಾಗ ಏನು ಬಿಟ್ಟರು. ಆ ನಿಯಮದಲ್ಲಿ ಜಿಮ್ ಹಾರ್ಬಾ ಮೇಲೆ ಬಂದರು. 6-10ರ ತಂಡ ತಗೊಂಡು ಮೊದಲ ವರ್ಷವೇ 13-3, ನಾಲ್ಕು ವರ್ಷಕ್ಕೆ 44-19-1. ಶನಹಾನ್ ಕೂಡ ಮೇಲೆ ಬಂದರು, ಅವರಿಗೆ ಸಿಕ್ಕಿದ್ದೂ 2-14ರ ತಂಡ. ಸೀಫರ್ಟ್ ನಾಲ್ಕಕ್ಕೆ ಇಳಿದರು.

ಏಪ್ರಿಲ್ 21

ಮಗಳು ಎರಡೂ ಪುಟ ಪಕ್ಕಪಕ್ಕ ನೋಡಿದಳು. "ಅಪ್ಪಾ, ಯಂಗ್ ಕೂಡ ರೆಡಿ ಇದ್ದ ಟೀಮಿಗೇ ಬಂದಿದ್ದು ಅಲ್ವಾ? ಅವರಿಗೆ ಎರಡನೇ ಜಾಗ, ಸೀಫರ್ಟ್‌ಗೆ ಯಾಕೆ ನಾಲ್ಕು?"

ಬಾಯಿ ಕಟ್ಟಿತು. 1987ರಲ್ಲಿ ಟ್ಯಾಂಪಾದಿಂದ ಬಂದ ಯಂಗ್ ನಾಲ್ಕು ವರ್ಷ ಮೊಂಟಾನಾ ಹಿಂದೆ ಬೆಂಚ್ ಕಾದರು. ಆಮೇಲೆ ಮೊಂಟಾನಾ ಎಸೆತ ಹಿಡೀತಿದ್ದ ಅದೇ ರೈಸ್‌ಗೆ, ಅದೇ ಟೇಲರ್‌ಗೆ ಎಸೆದರು. ಕಾದದ್ದಕ್ಕೆ ನಾನು ಅಂಕ ಕೊಟ್ಟಿದ್ದೆ, ಸಿಕ್ಕಿದ್ದಕ್ಕೆ ಕಳೆದಿರಲಿಲ್ಲ. ತಕ್ಕಡಿ ಒಂದೇ ಆಗಬೇಕು.

ಮೇ 5

ಸೀಫರ್ಟ್ ಬಗ್ಗೆ ಓದಿದ್ದೇ ಓದಿದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿದವರು. ಹುಡುಗರಾಗಿದ್ದಾಗ ಕೀಜರ್‌ನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ ಮಾಡ್ತಿದ್ದರಂತೆ. ಅಜ್ಜನನ್ನು ಕೇಳಿದೆ, ನಿಮಗೆ ಸೀಟು ತೋರಿಸಿದ್ದರಾ ಅಂತ. ಯೋಚನೆ ಮಾಡ್ತೀನಿ ಅಂದರು!

ಮುಖ್ಯ ವಿಷಯ ಬೇರೆ. ಸೀಫರ್ಟ್ 1989ರಲ್ಲಿ ಬಂದವರಲ್ಲ. 1980ರಿಂದಲೇ ವಾಲ್ಶ್ ಕೈಕೆಳಗೆ ಹಿಂಬದಿ ರಕ್ಷಕರ ಕೋಚ್ ಆಗಿದ್ದರು. 1983ರಿಂದ ಇಡೀ ಡಿಫೆನ್ಸ್ ಅವರದ್ದೇ.

ರಾತ್ರಿ 1982ರ ಜನವರಿ 10ರ ಡಲ್ಲಾಸ್ ಪಂದ್ಯ ಮತ್ತೆ ಹಾಕಿದೆ. ಎಲ್ಲರೂ ನೋಡೋದು ಆ ಕ್ಯಾಚ್: ಮೊಂಟಾನಾ ಹಿಂದೆ ಹಿಂದೆ ಓಡಿ ಎಸೆದದ್ದು, ಡ್ವೈಟ್ ಕ್ಲಾರ್ಕ್ ಬೆರಳ ತುದಿಯಲ್ಲಿ ಹಿಡಿದದ್ದು, 28-27. ನಾನೂ ಯಾವಾಗಲೂ ಅಲ್ಲಿಗೇ ನಿಲ್ಲಿಸ್ತಿದ್ದೆ. ಈ ಸಲ ನಿಲ್ಲಿಸಲಿಲ್ಲ. ಇನ್ನೂ 51 ಸೆಕೆಂಡ್ ಇದೆ. ಡಲ್ಲಾಸ್‌ನ ಡ್ಯಾನಿ ವೈಟ್ ನಡುವಿಗೆ ಎಸೆಯುತ್ತಾರೆ. ಡ್ರೂ ಪಿಯರ್ಸನ್ ಹಿಡಿದು ಓಡುತ್ತಾರೆ. ಮುಂದೆ ಬಯಲು. ಹಿಂದಿನಿಂದ ಒಂದು ಕೈ ಬಂದು ಜರ್ಸಿಯ ಕುತ್ತಿಗೆ ಹತ್ತಿರ ಹಿಡಿದು ಎಳೆಯುತ್ತದೆ. ಒಂದೇ ಕೈ. ಎರಿಕ್ ರೈಟ್. ಆ ಹಿಡಿತ ತಪ್ಪಿದ್ದರೆ ಕ್ಯಾಚ್‌ನ ಫೋಟೋ ಯಾರ ಗೋಡೆಯಲ್ಲೂ ಇರ್ತಿರಲಿಲ್ಲ. ಅದರ ಮುಂದಿನ ನಡೆಯಲ್ಲೇ ವೈಟ್ ಕೈಯಿಂದ ಚೆಂಡು ಬಿತ್ತು, ನಮ್ಮವರಿಗೆ ಸಿಕ್ಕಿತು, ಮುಗೀತು.

ಎರಿಕ್ ರೈಟ್ ಆಗ ಮೊದಲ ವರ್ಷದ ಹುಡುಗ. ರಾನಿ ಲಾಟ್, ಕಾರ್ಲ್‌ಟನ್ ವಿಲಿಯಮ್ಸನ್ ಕೂಡ ಅದೇ ವರ್ಷ ಬಂದವರು. ಹಿಂಬದಿಯ ನಾಲ್ಕು ರಕ್ಷಕರಲ್ಲಿ ಮೂರು ಜನ ಹೊಸಬರು! ಅವರನ್ನು ತಿದ್ದಿದ್ದು ಸೀಫರ್ಟ್. 1984ರಲ್ಲಿ 48 ಟಚ್‌ಡೌನ್ ಎಸೆದು ಮೆರೆಯುತ್ತಿದ್ದ ಡ್ಯಾನ್ ಮರಿನೋ ತಂಡವನ್ನು ಸೂಪರ್ ಬೌಲ್‌ನಲ್ಲಿ 16 ಅಂಕಕ್ಕೆ ನಿಲ್ಲಿಸಿದ್ದೂ ಅವರ ಡಿಫೆನ್ಸೇ.

ಅಂದರೆ ಆ ಎಲೆ ಹಾಸಿದವರಲ್ಲಿ ಅವರೂ ಒಬ್ಬರು. ಎರಡನೇ ಜಾಗ. ಈ ಒಂದು ಸಾಲನ್ನು ಪೆನ್ನಲ್ಲಿ ಬರೆದೆ. ಯಂಗ್ ಕೂಡ ಎರಡರಲ್ಲೇ ಇರಲಿ. ಅಂಕ ಕಳೆದು ನೋಡಿದರೂ ಎರಡು ಎಂವಿಪಿ, ಒಂದೇ ಸೂಪರ್ ಬೌಲ್‌ನಲ್ಲಿ ಆರು ಟಚ್‌ಡೌನ್ ಉಳಿಯುತ್ತದೆ.

ಜೂನ್ 16

ಮೂರನೇ ಜಾಗ: ಹಾರ್ಬಾನಾ, ಶನಹಾನಾ? ಹಾರ್ಬಾ ಸತತ ಮೂರು ವರ್ಷ ಕಾನ್ಫರೆನ್ಸ್ ಫೈನಲ್ (ಗೆದ್ದರೆ ಸೂಪರ್ ಬೌಲ್), ಒಂದು ಸೂಪರ್ ಬೌಲ್ ಸೋಲು, ಅದೂ ಅಣ್ಣನ ತಂಡಕ್ಕೆ, 34-31. ಶನಹಾನ್ ಐದು ವರ್ಷದಲ್ಲಿ ನಾಲ್ಕು ಕಾನ್ಫರೆನ್ಸ್ ಫೈನಲ್, ಎರಡು ಸೂಪರ್ ಬೌಲ್, ಎರಡೂ ಸೋಲು, ಎರಡೂ ಹತ್ತು ಅಂಕ ಮುಂದಿದ್ದ ಮೇಲೆ. ಇದನ್ನು ಬರೆಯುವಾಗ ಪೆನ್ಸಿಲ್ ಮುರೀತು, ಬೇಕಂತ ಅಲ್ಲ. ಸದ್ಯಕ್ಕೆ ಶನಹಾನ್ ಮೂರು. ಫೆಬ್ರವರಿಯ ಆ ಗೆಳೆಯರಲ್ಲಿ ಒಬ್ಬರು ಊಟಕ್ಕೆ ಕರೆಯೋದು ಬಿಡಬಹುದು.

ಡಿಕ್ ನೋಲನ್ ಐದು: 1970, 71, 72 ಮೂರೂ ವರ್ಷ ತಮ್ಮ ಗುಂಪು (ಡಿವಿಷನ್) ಗೆದ್ದು, ಮೂರೂ ವರ್ಷ ಪ್ಲೇಆಫ್ ನಾಕ್‌ಔಟ್‌ನಲ್ಲಿ ಡಲ್ಲಾಸ್‌ಗೇ ಸೋತರು. ಮಗ ಮೈಕ್ ನೋಲನ್ ಕೂಡ ಮುಂದೆ ಇದೇ ತಂಡದ ಕೋಚ್ ಆದರು. ಅವರ ಲೆಕ್ಕ ಬರೆಯುವುದಿಲ್ಲ.

ಜುಲೈ 7

ಕೋಚ್‌ಗಳಲ್ಲಿ ಐದನೇ ಜಾಗ ನೋಲನ್ ಅವರಿಗೆ ಅಂತ ಹೇಳಿದೆನಲ್ಲ, ಅದು ತಪ್ಪು. ಬಕ್ ಶಾ ಅವರನ್ನು ಮರೆತೇ ಬಿಟ್ಟಿದ್ದೆ. 1946ರಿಂದ 54ರವರೆಗೆ ತಂಡದ ಮೊದಲ ಕೋಚ್. ಅದಕ್ಕೂ ಮುಂಚೆ ಇಲ್ಲೇ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದ ಕೋಚ್. ತರಕಾರಿಗೆ ಹೋಗುವಾಗ ದಾಟುವ ಜಾಗ ಅದು. ಮೊದಲ ನಾಲ್ಕು ವರ್ಷ ತಂಡ ಇದ್ದದ್ದು ಬೇರೆ ಲೀಗ್‌ನಲ್ಲಿ. ಅಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ನಾಲ್ಕು ವರ್ಷದಲ್ಲಿ ಸೋತದ್ದು ನಾಲ್ಕೇ ಆಟ. ಅದರಲ್ಲಿ ಎರಡು ಶಾ ಅವರ ಕೈಲಿ. ನೋಲನ್ ಹೊರಗೆ, ಶಾ ಒಳಗೆ.

ಶಾ ಜೊತೆಗೇ ಇನ್ನೊಂದು ತಲೆನೋವು ಬಂತು. ಅವರ ಕ್ವಾರ್ಟರ್‌ಬ್ಯಾಕ್ ಫ್ರಾಂಕಿ ಆಲ್ಬರ್ಟ್, ಎಡಗೈ ಆಟಗಾರ. 1956ರಿಂದ 58 ಇದೇ ತಂಡದ ಕೋಚ್ ಕೂಡ ಅವರೇ. ಎರಡು ಪುಟದಲ್ಲೂ ಹೆಸರು ಬರಬೇಕಾದ ಒಬ್ಬರೇ ಮನುಷ್ಯ. 1957ರ ಪ್ಲೇಆಫ್‌ನಲ್ಲಿ ಡೆಟ್ರಾಯ್ಟ್ ಎದುರು ಅರ್ಧದ ಹೊತ್ತಿಗೆ 24-7 ಮುಂದಿದ್ದು ಕೊನೆಗೆ 31-27ಕ್ಕೆ ಸೋತದ್ದು ಅವರು ಕೋಚ್ ಆಗಿದ್ದಾಗಲೇ. ಈ ಜನವರಿಯಲ್ಲಿ ಅದೇ ಡೆಟ್ರಾಯ್ಟ್ ಅರ್ಧದ ಹೊತ್ತಿಗೆ ಅದೇ 24-7 ಮುಂದಿತ್ತು, ಶನಹಾನ್ ತಂಡ 34-31 ಗೆದ್ದಿತು. ಅಜ್ಜನಿಗೆ ಈ ಲೆಕ್ಕ ತೋರಿಸಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. 1957ರದ್ದು ಅಪ್ಪನ ಜೊತೆ ಕೀಜರ್‌ನಲ್ಲಿ ಕೂತು ನೋಡಿದ್ದರಂತೆ, ಆಗ ಎಂಟು ವರ್ಷ.

ಬಲ ಪುಟದ ಐದನೇ ಜಾಗ ಇನ್ನೂ ಖಾಲಿ. ಪರ್ಡಿ, ಆಲ್ಬರ್ಟ್ ಎರಡೂ ಹೆಸರು ಅಂಚಿನಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ವಾರ 1948ರ ಲೆಕ್ಕ ಹಾಕಬೇಕು. ಹೊಸ ಪೆನ್ಸಿಲ್ ತಂದಾಯ್ತು.